ಆಪರೇಟ್ರೇ, ಫ್ರೇಮ್ ನೋಡ್ರೀ!

ಟಾಕೀಸಿಗೆ ಹೋಗುವವರಿಗೆ ಒಂದು ಕಾಲದಲ್ಲಿ ಬಾಯಿಪಾಠವಾಗಿದ್ದ ಮಾತು ಮೂರು: ಫೋಕಸ್, ಸೌಂಡ್, ಫ್ರೇಮ್. ಗಾಂಧಿ ಕ್ಲಾಸಿನಲ್ಲಿ ಕೂತವನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟಿರಲಿ, ಪರದೆಯ ಮೇಲ್ಭಾಗದಲ್ಲಿ ನಾಯಕನ ಕಾಲು, ಕೆಳಭಾಗದಲ್ಲಿ ತಲೆ, ನಡುವೆ ಒಂದು ಕಪ್ಪು ಪಟ್ಟಿ ಕಂಡ ತಕ್ಷಣ ಕತ್ತು ಹಿಂದಕ್ಕೆ ತಿರುಗಿಸಿ ಪ್ರೊಜೆಕ್ಟರ್ ಇರುವ ಕ್ಯಾಬಿನ್ನಿನ ಕಿಂಡಿಯ ಕಡೆಗೆ "ಲೇ, ಫ್ರೇಮ್ ನೋಡೋ!" ಎನ್ನುತ್ತಿದ್ದ. ಬಾಲ್ಕನಿಯವರು ಸ್ವಲ್ಪ ಮರ್ಯಾದಸ್ಥರು, "ಆಪರೇಟ್ರೇ, ಫ್ರೇಮ್ ನೋಡ್ರೀ" ಎನ್ನುತ್ತಿದ್ದರು. ಇಬ್ಬರ ರೋಗನಿರ್ಣಯವೂ ಸರಿಯೇ. 35 ಎಂಎಂ ಫಿಲ್ಮಿನಲ್ಲಿ ಒಂದೊಂದು ಚಿತ್ರದ ಪಕ್ಕಕ್ಕೂ ನಾಲ್ಕು ತೂತು ಇರುತ್ತವೆ. ಫಿಲ್ಮನ್ನು ಹಲ್ಲುಚಕ್ರಕ್ಕೆ ಕೂರಿಸುವಾಗ ಒಂದು ತೂತು ಹೆಚ್ಚುಕಮ್ಮಿಯಾದರೆ ಚಿತ್ರ ಕಾಲು ಭಾಗ ಜಾರುತ್ತದೆ, ಎರಡಾದರೆ ನಾಯಕ ಸೊಂಟದಲ್ಲಿ ಎರಡು ತುಂಡು. ಯಂತ್ರದ ಬದಿಯಲ್ಲಿರುವ ತಿರುಪನ್ನು ತಿರುಗಿಸಿದರೆ ತಲೆ ಮೇಲೇರಿ ಕಾಲು ಕೆಳಗಿಳಿಯುತ್ತಿತ್ತು. ಎರಡು ಸೆಕೆಂಡಿನ ಕೆಲಸ. ಬೈಗುಳ ಮಾತ್ರ ಇನ್ನೂ ಅರ್ಧ ನಿಮಿಷ ಮುಂದುವರಿಯುತ್ತಿತ್ತು. ಶುರು ಮಾಡಿದ್ದನ್ನು ನಡುವೆ ನಿಲ್ಲಿಸಿ ಅಭ್ಯಾಸವಿಲ್ಲ ನೋಡಿ.

ಕೂಗಿದರೆ ಸರಿಹೋಗುವ ತೊಂದರೆ ಎಷ್ಟು ದೊಡ್ಡ ಭಾಗ್ಯ ಅನ್ನುವುದು ಟಾಕೀಸುಗಳಿಗೆ ಬೀಗ ಬಿದ್ದ ಮೇಲೆ ತಿಳಿಯುತ್ತಿದೆ.

ಆ ಕಿಂಡಿಯ ಹಿಂದೆ ಒಬ್ಬನೇ ಮನುಷ್ಯ ಏನೆಲ್ಲ ಸಂಭಾಳಿಸಬೇಕಿತ್ತು ಅಂತ ಲೆಕ್ಕ ಹಾಕಿ. ಸೆಕೆಂಡಿಗೆ 24 ಚಿತ್ರ, ಅಡಿಗೆ 16 ಚಿತ್ರ, ಅಂದರೆ ನಿಮಿಷಕ್ಕೆ 90 ಅಡಿ ಫಿಲ್ಮು. ಎರಡೂವರೆ ಗಂಟೆಯ ಸಂಸಾರದ ಕಥೆಗೆ 13,500 ಅಡಿ, ನಾಲ್ಕು ಕಿಲೋಮೀಟರಿಗೂ ಹೆಚ್ಚು. ಸಾವಿರ ಅಡಿಯ ಒಂದು ರೀಲು ಓಡುವುದು ಹನ್ನೊಂದೇ ನಿಮಿಷ, ಎರಡನ್ನು ಜೋಡಿಸಿ ಸುತ್ತಿದರೆ ಇಪ್ಪತ್ತೆರಡು. ಅದಕ್ಕೇ ಕ್ಯಾಬಿನ್ನಿನಲ್ಲಿ ಎರಡು ಯಂತ್ರ. ರೀಲಿನ ಕೊನೆಗೆ ಪರದೆಯ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತಿದ್ದದ್ದು ನೆನಪಿದೆಯೇ? ಮೊದಲ ಚುಕ್ಕೆಗೆ ಎರಡನೇ ಯಂತ್ರದ ಮೋಟಾರು ಶುರು ಮಾಡಬೇಕು. ಸುಮಾರು ಏಳು ಸೆಕೆಂಡು ಬಿಟ್ಟು ಇನ್ನೊಂದು ಚುಕ್ಕೆ ಬರುತ್ತದೆ, ಆಗ ಬೆಳಕನ್ನೂ ಸದ್ದನ್ನೂ ಆಚೆ ಯಂತ್ರಕ್ಕೆ ದಾಟಿಸಬೇಕು. ಚುಕ್ಕೆ ಇರುವುದು ನಾಲ್ಕೇ ಚಿತ್ರಗಳಲ್ಲಿ, ಸೆಕೆಂಡಿನ ಆರನೇ ಒಂದು ಪಾಲು. ಆಪರೇಟರ್ ಆ ಹೊತ್ತಿಗೆ ಮೆಟ್ಟಿಲ ಮೇಲೆ ಬೀಡಿ ಹಚ್ಚಿಕೊಂಡು ನಿಂತಿದ್ದರೆ ಮುಗಿಯಿತು: ಮದುವೆ ಮಂಟಪದ ಬಾಗಿಲಲ್ಲಿ "ನಿಲ್ಲಿಸಿ!" ಎಂಬ ಕೂಗು, ಮರುಕ್ಷಣ ಬೆಳ್ಳನೆಯ ಪರದೆ. ತಾಳಿ ಕಟ್ಟಿದನೋ ಇಲ್ಲವೋ ಅನ್ನುವುದು ಬೀಡಿ ಮುಗಿದ ಮೇಲೆ.

ಓಡಿ ಮುಗಿದ ರೀಲನ್ನು ಹಿಂದಕ್ಕೆ ಸುತ್ತಿಡಬೇಕಿತ್ತು. ಮರೆತು ಹಾಗೇ ಏರಿಸಿದರೆ ಜನರು ತಲೆಕೆಳಗಾಗಿ ಹಿಮ್ಮುಖವಾಗಿ ನಡೆಯುತ್ತಿದ್ದರು. ಇದನ್ನಾದರೂ ಯಾರಾದರೂ ಗುರುತಿಸುತ್ತಾರೆ. ರೀಲಿನ ನಂಬರು ಅದಲುಬದಲಾದರೆ ಎಷ್ಟೋ ಸಲ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹನ್ನೊಂದನೇ ರೀಲಿನಲ್ಲಿ ಪ್ರಾಣಬಿಟ್ಟ ಅಜ್ಜ ಹತ್ತನೆಯದರಲ್ಲಿ ಎದ್ದು ಕೂತು ಆಸ್ತಿ ಭಾಗ ಮಾಡಿದರೆ "ಫ್ಲ್ಯಾಶ್‌ಬ್ಯಾಕು" ಅಂತ ಪಕ್ಕದವನು ಸಮಾಧಾನ ಹೇಳುತ್ತಿದ್ದ. ಕೆಲವು ಕಥೆಗಳಿಗೆ ಇದರಿಂದ ಸ್ವಲ್ಪ ಉಪಕಾರವೂ ಆಯಿತು.

ಬೆಳಕಿನದು ಇನ್ನೊಂದು ರಗಳೆ. ಕ್ಸೆನಾನ್ ದೀಪ ಬರುವವರೆಗೆ ಪರದೆ ಬೆಳಗುತ್ತಿದ್ದದ್ದು ಎರಡು ಕಾರ್ಬನ್ ಕಡ್ಡಿ. ತುದಿಗೆ ತುದಿ ತಾಗಿಸಿ, ಡಿ.ಸಿ. ಕರೆಂಟು ಹಾಯಿಸಿ, ಕೂಡಲೇ ಸ್ವಲ್ಪ ದೂರ ಸರಿಸಿದರೆ ನಡುವೆ ಕಣ್ಣು ಕುಕ್ಕುವ ಬೆಳಕು ಹೊತ್ತಿಕೊಳ್ಳುತ್ತದೆ. ಪಾಸಿಟಿವ್ ಕಡ್ಡಿ ಬೇಗ ಸವೆಯುತ್ತದೆ, ಅದಕ್ಕೇ ಅದು ದಪ್ಪ. ಸವೆದಂತೆಲ್ಲ ಅಂತರ ಹೆಚ್ಚಿ ಪರದೆಯ ಬಣ್ಣ ಕೆಟ್ಟು, ಆಮೇಲೆ ಮಬ್ಬಾಗುತ್ತದೆ. ಆಗ ಕಡ್ಡಿಗಳನ್ನು ಹತ್ತಿರ ತರಬೇಕು; ತೀರ ಹತ್ತಿರ ತಂದರೆ ಬುಸುಗುಟ್ಟುತ್ತದೆ. ಕಡ್ಡಿಗೆ ದುಡ್ಡು ಕೊಡುವವನು ಮಾಲೀಕ. ಹಾಗಾಗಿ ಗೇಣುದ್ದ ಉಳಿದ ತುಂಡನ್ನೂ ಬಿಸಾಡದೆ, ಇನ್ನೊಂದಕ್ಕೆ ಜೋಡಿಸಿ ಕೊನೆಯ ಇಂಚಿನವರೆಗೂ ಉರಿಸುವುದು ಕ್ಯಾಬಿನ್ನಿನ ಧರ್ಮ. ಹಾಡಿಗೆ ಹೊಸ ಕಡ್ಡಿ, ಅಳುವ ಸೀನಿಗೆ ತುಂಡು ಕಡ್ಡಿ ಹಾಕುತ್ತಾರೆ ಎಂಬ ಗುಮಾನಿ ಮುಂದಿನ ಬೆಂಚಿನವರಿಗೆ ಕೊನೆಯವರೆಗೂ ಹೋಗಲಿಲ್ಲ.

ಸಿನಿಮಾಸ್ಕೋಪ್ ಬಂದ ಮೇಲೆ ಲೆನ್ಸಿನ ಅವಾಂತರ ಸೇರಿಕೊಂಡಿತು. ಸ್ಕೋಪ್ ಫಿಲ್ಮಿನಲ್ಲಿ ಚಿತ್ರವನ್ನು ಅಡ್ಡಡ್ಡಲಾಗಿ ಅರ್ಧಕ್ಕೆ ಅದುಮಿರುತ್ತಾರೆ. ಪ್ರೊಜೆಕ್ಟರಿನ ಮುಂದೆ ಸ್ಕೋಪ್ ಲೆನ್ಸ್ ಹಾಕಿದಾಗ ಅದು ಎರಡು ಪಟ್ಟು ಅಗಲವಾಗಿ ಸರಿಯಾಗುತ್ತದೆ. ಲೆನ್ಸ್ ಹಾಕಲು ಮರೆತರೆ ಎಂಥ ಘಟೋತ್ಕಚನೂ ಹುರಿಹಗ್ಗದಂತೆ ಸಣಕಲಾಗಿ ಉದ್ದಕ್ಕೆ ನಿಲ್ಲುತ್ತಿದ್ದ. ತಮಾಷೆ ಇದ್ದದ್ದು ಉಲ್ಟಾ ಆದಾಗ. ಸಿನಿಮಾಕ್ಕೆ ಮೊದಲು ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ಸಾಕ್ಷ್ಯಚಿತ್ರ ತೋರಿಸುವುದು ಕಡ್ಡಾಯವಾಗಿತ್ತು, ಅದು ಸಾಮಾನ್ಯವಾಗಿ ಹಳೆಯ ಅಳತೆಯ ಚೌಕ ಚಿತ್ರ. ಹಿಂದಿನ ಆಟದ ಸ್ಕೋಪ್ ಲೆನ್ಸ್ ತೆಗೆಯದೆ ಅದನ್ನು ಬಿಟ್ಟರೆ, ಅಣೆಕಟ್ಟು ಉದ್ಘಾಟಿಸುವ ಮಂತ್ರಿಗಳು ಇದ್ದದ್ದಕ್ಕಿಂತ ಎರಡು ಪಟ್ಟು ಅಗಲವಾಗಿ ಬಂದು ಕೈಮುಗಿಯುತ್ತಿದ್ದರು. ಆಗ ಮಾತ್ರ ಯಾರೂ ಆಪರೇಟರನ್ನು ಬೈಯುತ್ತಿರಲಿಲ್ಲ. ಬರದ ವರ್ಷಗಳಲ್ಲಂತೂ ಶಿಳ್ಳೆ.

ಫಿಲ್ಮು ಹರಿಯುವುದು ದಿನನಿತ್ಯದ ಮಾತು. ತೂತಿನ ಅಂಚು ಸವೆದಿರುತ್ತದೆ, ಚಕ್ರದ ಹಲ್ಲು ಕಚ್ಚುತ್ತದೆ, ಪಟ್! ಹಾಲ್‌ನಲ್ಲಿ ಲೈಟು ಹತ್ತಿ, ಜೋಡಿಯಾಗಿ ಬಂದವರು ದೂರ ಸರಿದು ಕೂರುವಷ್ಟರಲ್ಲಿ ಮೇಲೆ ಕೆಲಸ ಶುರುವಾಗಿರುತ್ತಿತ್ತು. ಹರಿದ ತುದಿಯನ್ನು ಚಿತ್ರದ ಗೆರೆಗೆ ಸರಿಯಾಗಿ ನೇರ ಕತ್ತರಿಸಬೇಕು. ಒಂದು ತುದಿಯ ಮೇಲಿನ ಬಣ್ಣದ ಪದರವನ್ನು ಒದ್ದೆ ಮಾಡಿ ಬ್ಲೇಡಿನಿಂದ ಕೆರೆಯಬೇಕು. ನೀರು ದೂರವಿದ್ದರೆ ಎಂಜಲೇ ಗತಿ; ಕನ್ನಡ ಚಿತ್ರರಂಗದ ಎಷ್ಟೋ ಪ್ರಣಯದ ಸೀನುಗಳು ಆಪರೇಟರನ ಎಂಜಲಿನಿಂದ ಕೂಡಿಕೊಂಡಂಥವು. ಕೆರೆದ ಜಾಗಕ್ಕೆ ಫಿಲ್ಮ್ ಸಿಮೆಂಟು ಸವರಿ, ತೂತಿಗೆ ತೂತು ಕೂಡಿಸಿ, ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಬಣ್ಣದ ಪದರ ಸ್ವಲ್ಪ ಉಳಿದರೂ ಅಂಟುವುದಿಲ್ಲ, ಹತ್ತು ಅಡಿ ಮುಂದೆ ಹೋಗಿ ಮತ್ತೆ ಪಟ್. ಮುಂದೆ ಪಾಲಿಯೆಸ್ಟರ್ ಫಿಲ್ಮು ಬಂದಾಗ ಸಿಮೆಂಟು ಕೈಕೊಟ್ಟಿತು, ಟೇಪು ಹಚ್ಚಬೇಕಾಯಿತು. ಅದು ಸುಲಭಕ್ಕೆ ಹರಿಯುವುದೂ ಇಲ್ಲ. ಹರಿಯದ ಫಿಲ್ಮು ಒಳ್ಳೆಯದೇ ಅಲ್ಲವೇ ಎಂದರೆ, ಸಿಕ್ಕಿಕೊಂಡಾಗ ಫಿಲ್ಮಿನ ಬದಲು ಯಂತ್ರದ ಭಾಗ ಕಿತ್ತು ಬರುತ್ತಿತ್ತು.

ಈ ಅಂಟಿಕೆಯಲ್ಲೊಂದು ಚೋದ್ಯವಿದೆ. ಫಿಲ್ಮಿನ ಅಂಚಿನ ಸದ್ದಿನ ಗೆರೆ, ಅದರ ಚಿತ್ರಕ್ಕಿಂತ ಸುಮಾರು 20 ಚಿತ್ರದಷ್ಟು ಮುಂದೆ ಇರುತ್ತದೆ. ಯಾಕೆಂದರೆ ಬೆಳಕಿನ ಬಾಗಿಲ ಮುಂದೆ ಫಿಲ್ಮು ತಡೆದು ತಡೆದು ಸಾಗಬೇಕು, ಸದ್ದು ಓದುವ ಕಡೆ ಒಂದೇ ಸಮ ಜಾರಬೇಕು. ಎರಡನ್ನೂ ಒಂದೇ ಜಾಗದಲ್ಲಿ ಮಾಡಲಾಗದು. ಹಾಗಾಗಿ ನಡುವೆ ಹತ್ತಿಪ್ಪತ್ತು ಚಿತ್ರ ಕತ್ತರಿಸಿ ಅಂಟಿಸಿದರೆ, ಚಿತ್ರ ಮೊದಲು ಹಾರುತ್ತದೆ, ಸದ್ದು ಮುಕ್ಕಾಲು ಸೆಕೆಂಡಿನ ಮೇಲೆ ಹಾರುತ್ತದೆ. ಕತ್ತರಿಸಿ ಬುಟ್ಟಿಗೆ ಹಾಕಿದ ಖಳನಾಯಕನ ಕೊನೆಯ ಅಕ್ಷರ ಮುಂದಿನ ಸೀನಿನ ತಾಯಿಯ ಬಾಯಿಂದ ಬರುತ್ತಿತ್ತು.

ಹಣ ಉಳಿಸಲು ಒಂದೇ ಪ್ರಿಂಟನ್ನು ಎರಡು ಟಾಕೀಸಿಗೆ ಓಡಿಸುವ ಪದ್ಧತಿ ಬೇರೆ ಇತ್ತು. ಇಲ್ಲಿ ಮುಗಿದ ರೀಲಿನ ಡಬ್ಬಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಹುಡುಗ ಅಲ್ಲಿಗೆ ತುಳಿಯಬೇಕು, ಅಲ್ಲಿ ಆಟ ಅರ್ಧ ಗಂಟೆ ತಡವಾಗಿ ಶುರುವಾಗಿರುತ್ತದೆ. ಎರಡೂ ಟಾಕೀಸಿನ ನಡುವೆ ಒಂದು ರೈಲ್ವೆ ಗೇಟು ಇದ್ದರೆ ಸಾಕು. ಗೂಡ್ಸ್ ಗಾಡಿ ಉದ್ದವಾಗಿದ್ದಷ್ಟೂ ಅಲ್ಲಿನ ಇಂಟರ್‌ವಲ್ ಉದ್ದ, ಬೋಂಡ ಮಾರುವವನ ಮುಖದಲ್ಲಿ ಕಳೆ.

ಟೆಂಟ್ ಸಿನಿಮಾದಲ್ಲಿ ಇಷ್ಟು ವೈಭವವೂ ಇರಲಿಲ್ಲ. ಅಲ್ಲಿ ಯಂತ್ರ ಒಂದೇ, ಹಾಗಾಗಿ ರೀಲು ಬದಲಿಸುವಾಗಲೆಲ್ಲ ಇಂಟರ್‌ವಲ್. ನೆಲ, ಬೆಂಚು, ಕುರ್ಚಿ ಎಂದು ಮೂರು ದರ. ಬಟ್ಟೆಯ ಗೋಡೆ ಹಗಲಿನ ಬೆಳಕು ತಡೆಯದು, ಆದ್ದರಿಂದ ಆಟ ಕತ್ತಲಾದ ಮೇಲೇ. ಮೈಕಿನಲ್ಲಿ ತಿರುಪತಿ ತಿಮ್ಮಪ್ಪನ ಹಾಡು ಹಾಕಿದರೆಂದರೆ ಟಿಕೆಟ್ ಕೊಡುತ್ತಾರೆಂದು ಅರ್ಥ. ಊರಿನ ಅರ್ಧ ಅಡುಗೆ ಆ ಹಾಡಿಗೇ ಒಲೆಯಿಂದ ಇಳಿಯುತ್ತಿತ್ತು.

2010ರ ಆಸುಪಾಸಿನಲ್ಲಿ ಉಪಗ್ರಹದ ಮೂಲಕವೂ ಹಾರ್ಡ್ ಡಿಸ್ಕಿನಲ್ಲೂ ಸಿನಿಮಾ ಬರತೊಡಗಿ, ಕೆಲವೇ ವರ್ಷಗಳಲ್ಲಿ ರೀಲಿನ ಡಬ್ಬಿ ಗುಜರಿ ಸೇರಿತು. ಗೀರಿಲ್ಲ, ಹರಿಯುವುದಿಲ್ಲ, ಅಜ್ಜ ಸತ್ತರೆ ಸತ್ತ ಹಾಗೆಯೇ. ಈಗಿನ ತೊಂದರೆ ಒಂದೇ: ಕೀ ಬಂದಿಲ್ಲ. ಫೈಲಿಗೆ ಬೀಗ ಹಾಕಿ ಕಳಿಸುತ್ತಾರೆ, ತೆರೆಯುವ ಡಿಜಿಟಲ್ ಕೀ ಬೇರೆಯಾಗಿ ಬರಬೇಕು. ಅದು ಇಂಥದೇ ಸರ್ವರಿಗೆ, ಇಂಥ ದಿನದ ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಮಾತ್ರ. ನಿರ್ಮಾಪಕರ ಬಾಕಿ ತೀರದಿದ್ದರೆ ಕೀ ಬರುವುದಿಲ್ಲ. ಬೆಳಗಿನ ಆರರ ಅಭಿಮಾನಿಗಳ ಆಟಕ್ಕೆ ಕಟೌಟಿಗೆ ಹಾಲೆರೆದು ಒಳಗೆ ಕೂತ ಸಾವಿರ ಜನ ಕಿಂಡಿಯತ್ತ ಎಷ್ಟೇ ಕೂಗಿದರೂ ಅಲ್ಲಿರುವವನು ಏನು ಮಾಡಿಯಾನು? ಅವನೂ ಮೊಬೈಲು ಹಿಡಿದು ಇನ್ಯಾರಿಗೋ ಕೂಗುತ್ತಿರುತ್ತಾನೆ.

ಮುಚ್ಚಿದ ಟಾಕೀಸುಗಳ ಪಟ್ಟಿ ಮಾಡಹೊರಟರೆ ಕೆ.ಜಿ. ರಸ್ತೆಯ ಸುತ್ತಮುತ್ತಲೇ ಸಂಜೆಯಾಗುತ್ತದೆ. ಬೆಂಗಳೂರಿನ ಬಸ್ ನಿಲ್ದಾಣಕ್ಕೆ ಹೆಸರು ಕೊಟ್ಟ ಮೆಜೆಸ್ಟಿಕ್ ಥಿಯೇಟರೇ ಇಲ್ಲ. ಸಾಗರ್ ಇಲ್ಲ, ಕಪಾಲಿ ಇಲ್ಲ, ಅಲಂಕಾರ್ ಅಂಗಡಿ ಸಂಕೀರ್ಣವಾಗಿದೆ. ಎಂ.ಜಿ. ರಸ್ತೆಯಲ್ಲಿ 1936ರಲ್ಲಿ ಶುರುವಾದ ಪ್ಲಾಜಾ ಇದ್ದ ಜಾಗಕ್ಕೆ ಮೆಟ್ರೊ ಬಂತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಮುಚ್ಚಿತು. ಮೈಸೂರಿನ ಶಾಂತಲಾ, ಲಕ್ಷ್ಮಿ ಕೋವಿಡ್ ಕಾಲದಲ್ಲಿ ಹೋದವು. 1974ರಲ್ಲಿ ತೆರೆದ ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಮುಗಿಯಿತು, ಅಲ್ಲಿ ಟ್ರಾಫಿಕ್ ಜಾಮ್ ಆದರೆ ಮಾತ್ರ ಇಂದಿಗೂ ಕಾವೇರಿ ಥಿಯೇಟರ್ ಜಂಕ್ಷನ್ನಿನಲ್ಲೇ ಆಗುವುದು. ಜಯನಗರದಲ್ಲಿ ನಂದಾ ಟಾಕೀಸಿನಲ್ಲಿ ಒಂದೂ ಸಿನಿಮಾ ನೋಡದ ಹುಡುಗರು ನಂದಾ ಟಾಕೀಸ್ ರಸ್ತೆ ಎಂದು ಆಟೊದವನಿಗೆ ವಿಳಾಸ ಹೇಳುತ್ತಾರೆ.

ಜನ ಬರುವುದಿಲ್ಲ, ಮೊಬೈಲಿನಲ್ಲೇ ನೋಡುತ್ತಾರೆ ಅನ್ನುವುದು ಅರ್ಧ ಸತ್ಯ. ಉಳಿದರ್ಧ ಕೂಡಿಸಿ ಕಳೆದರೆ ಕಾಣುತ್ತದೆ. ತಾಲ್ಲೂಕಿನ ಒಂದು ಟಾಕೀಸು, ದಿನಕ್ಕೆ ನಾಲ್ಕು ಆಟ, ಆಟಕ್ಕೆ ಮೂವತ್ತು ಜನ, ತಲೆಗೆ ನೂರು ರೂಪಾಯಿ ಅಂತಿಟ್ಟುಕೊಳ್ಳಿ: 12,000. ನೂರು ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಪುಣ್ಯ. ಅದು ಕಳೆದು 11,400ರಷ್ಟು ಉಳಿಯುತ್ತದೆ. ಅರ್ಧ ಸಿನಿಮಾದವರಿಗೆ ಹೋದರೆ ಕೈಗೆ 5,700. ಇದರಲ್ಲಿ ಆಪರೇಟರ್, ಬುಕಿಂಗ್ ಕ್ಲರ್ಕ್, ಗೇಟ್ ಕೀಪರ್, ಕಸ ಗುಡಿಸುವವರು, ಕಿಲೋವ್ಯಾಟ್ ಲೆಕ್ಕದ ದೀಪ, ಜನರೇಟರಿನ ಡೀಸೆಲ್ಲು, ಪ್ರೊಜೆಕ್ಟರಿನ ಬಾಡಿಗೆ. ಇವೆಲ್ಲ ಊರ ನಡುವೆ ಒಂದೆಕರೆ ಜಾಗದ ಮೇಲೆ, ಅದನ್ನು ಕಲ್ಯಾಣ ಮಂಟಪ ಮಾಡಿದರೆ ಒಂದು ಮುಹೂರ್ತಕ್ಕೆ ಎಷ್ಟು ಬರುತ್ತದೆಂದು ಮಾಲೀಕನ ಅಳಿಯ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿರುತ್ತಾನೆ. ಅದೇ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿದ್ದಕ್ಕೂ ಹೈಕೋರ್ಟು ತಡೆ ಕೊಟ್ಟದ್ದಕ್ಕೂ ದೊಡ್ಡ ಗದ್ದಲವಾಯಿತಲ್ಲ, ಈ ಟಾಕೀಸಿಗೆ ಎರಡೂ ಒಂದೇ. ಇಲ್ಲಿ ಬಾಲ್ಕನಿಗೂ ಇನ್ನೂರು ಕೇಳುವ ಧೈರ್ಯ ಯಾರಿಗಿದೆ?

ಉಳಿದುಕೊಂಡವರು ಮಾಡಿದ್ದೇನು ಎಂದು ನೋಡಿದರೆ ಅಂಥ ಗುಟ್ಟೇನೂ ಇಲ್ಲ. ಸಾವಿರ ಸೀಟಿನ ಹಾಲ್‌ಗೆ ನಡುವೆ ಗೋಡೆ ಎಬ್ಬಿಸಿ ಎರಡು ಚಿಕ್ಕ ಪರದೆ ಮಾಡಿದ್ದಾರೆ, ಹೊಸ ಸ್ಪೀಕರ್ ಹಾಕಿದ್ದಾರೆ, ಹಳೆಯ ಹಿಟ್ ಚಿತ್ರಗಳನ್ನು ನಟರ ಹುಟ್ಟುಹಬ್ಬಕ್ಕೆ ಮತ್ತೆ ಹಾಕುತ್ತಾರೆ. ಎಲ್ಲಕ್ಕಿಂತ ಮೊದಲು ಶೌಚಾಲಯ ರಿಪೇರಿ ಮಾಡಿಸಬೇಕಿತ್ತು. ಹೆಂಗಸರು ಟಾಕೀಸು ಬಿಟ್ಟದ್ದು ಟೀವಿ ಧಾರಾವಾಹಿಯಿಂದ ಎನ್ನುವವರು ಇಂಟರ್‌ವಲ್‌ನಲ್ಲಿ ಒಮ್ಮೆ ಆ ಕಡೆ ಹೋಗಿ ಬರಲಿ.

ನಿಮ್ಮೂರಿನಲ್ಲಿ ಒಂದು ಇನ್ನೂ ನಡೆಯುತ್ತಿದ್ದರೆ ವಾರದ ನಡುವಿನ ಮ್ಯಾಟಿನಿಗೆ ಹೋಗಿ. ಪರದೆಯಿಂದ ಮೂರನೇ ಎರಡು ಭಾಗ ಹಿಂದೆ, ಸಾಲಿನ ನಡುವೆ ಕೂತರೆ ಸದ್ದು ಎರಡೂ ಕಡೆಯಿಂದ ಸಮನಾಗಿ ಕೇಳುತ್ತದೆ. ಕೂರುವ ಮೊದಲು ಸೀಟನ್ನು ಕೈಯಿಂದ ಒತ್ತಿ ನೋಡಿ, ಸ್ಪ್ರಿಂಗು ಎಲ್ಲಿದೆ ಅಂತ ತಿಳಿದಿರುವುದು ಒಳ್ಳೆಯದು. ಸೀಟಿನ ನಂಬರು ಕೇಳಬೇಡಿ, ಗೇಟ್ ಕೀಪರ್ ನಗುತ್ತಾರೆ. ಹೊರಡುವ ಮೊದಲು ಫೋನ್ ಮಾಡಿ ವಿಚಾರಿಸುವುದು ಮಾತ್ರ ಮರೆಯಬೇಡಿ, ಏಕೆಂದರೆ ಹತ್ತು ಟಿಕೆಟ್ ಹೋಗದಿದ್ದರೆ ಆಟ ಇಲ್ಲ ಎಂಬ ನಿಯಮ ಬಹಳ ಕಡೆ ಇದೆ. ಹೋದಾಗ ಎಂಟೇ ಜನ ಇದ್ದರೂ ಗಾಬರಿ ಬೇಡ. ಮ್ಯಾನೇಜರು ತಾವೇ ಹೊರಗೆ ಬಂದು, ರಸ್ತೆಯ ಎರಡೂ ಕಡೆ ನೋಡಿ, ನಿಮ್ಮ ಹತ್ತಿರ ಬರುತ್ತಾರೆ: "ಇನ್ನೆರಡು ಟಿಕೆಟ್ ಆದ್ರೆ ಶುರು ಮಾಡಿಬಿಡ್ತೀವಿ ಸಾರ್. ಯಾರಾದ್ರೂ ಫ್ರೆಂಡ್ಸ್ ಖಾಲಿ ಇದ್ರೆ ಒಂದು ಫೋನ್ ಹಾಕಿ ನೋಡಿ."