ಜಯಂತಿಗೆ ಬರುವುದು ಅರ್ಧ ಅರಸು ಮಾತ್ರ

ಆಗಸ್ಟ್ 20 ಬಂತೆಂದರೆ ದೇವರಾಜ ಅರಸರ ಪಟಕ್ಕೊಂದು ಹಾರ, ‘ಉಳುವವನೇ ಹೊಲದೊಡೆಯ’ ಅನ್ನುವ ಒಂದು ಸಾಲು, ಅಲ್ಲಿಗೆ ಮುಗೀತು. ಬೈಯುವವರದ್ದೂ ಒಂದೇ ಪದ: ತುರ್ತುಪರಿಸ್ಥಿತಿ. ಎರಡೂ ಕಡೆಯವರಿಗೆ ವಿವರ ಬೇಡ. ನೋಡಿ ನೋಡಿ ಸಾಕಾಗಿದೆ.

ಹೊಗಳುವುದಾದರೆ ಅರಸರ ಭೂಸುಧಾರಣಾ ಕಾಯ್ದೆಯ ಒಳಗಿಳಿದು ಹೊಗಳಿ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಆ ಜಮೀನಿನ ಹಕ್ಕು ತನಗೆ ಕೊಡಿ ಎಂದು ಗೇಣಿದಾರ ನಮೂನೆ 7 ಅನ್ನುವ ಅರ್ಜಿ ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಅಲ್ಲಿಗೆ ವಕೀಲರು ಬರುವಂತಿರಲಿಲ್ಲ. ಓದು ಬಾರದ ಒಕ್ಕಲು ಧಣಿಯ ಎದುರು ತಾನೇ ನಿಂತು ಮಾತಾಡಲು ಸಾಧ್ಯವಾಗಿದ್ದು ಆ ಒಂದು ನಿಯಮದಿಂದ. ಇದನ್ನು ಯಾವ ಫ್ಲೆಕ್ಸ್‌ನಲ್ಲಿ ಬರೀತಾರೆ? ಕೊರತೆಯನ್ನೂ ಹೇಳಲೇಬೇಕು. ಗೇಣಿಯೇ ಇಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದವರಿಗೆ, ಅವರಲ್ಲಿ ದಲಿತರೇ ಹೆಚ್ಚು, ನಮೂನೆ 7ರಿಂದ ಹೊಲ ಸಿಗಲಿಲ್ಲ. ಬಾಯಿಮಾತಿನ ಗೇಣಿಗೆ ರಸೀದಿ ಇಲ್ಲ, ಪಹಣಿಯಲ್ಲಿ ಹೆಸರಿಲ್ಲ ಅಂದರೆ ಹಕ್ಕು ಸಾಬೀತು ಮಾಡುವುದೇ ಕಷ್ಟ.

ಇನ್ನು 1975–77ರ ತುರ್ತುಪರಿಸ್ಥಿತಿ. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಕ್ಕೆ ತೀರಿಕೊಂಡರು. ಜಾರ್ಜ್ ಫರ್ನಾಂಡಿಸ್ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರಿಗೆ ಪೊಲೀಸರು ಚಿತ್ರಹಿಂಸೆ ಕೊಟ್ಟರು. ಜೈಲೂ ಪೊಲೀಸೂ ರಾಜ್ಯದವು, ಮುಖ್ಯಮಂತ್ರಿ ಅರಸರೇ. ‘ಎಲ್ಲಾ ದೆಹಲಿಯ ಆದೇಶ’ ಅಂತ ದಾಟಿಸಿಬಿಡುವುದು ಸರಿಯಲ್ಲ. ಹಿಂದುಳಿದವರ ಪಾಲಿಗೆ ಮೀಸಲಾತಿಯ ಬಾಗಿಲು ತೆರೆದ ಹಾವನೂರು ಆಯೋಗದ ವರದಿ ಬಂದದ್ದೂ ಅದೇ 1975ರಲ್ಲಿ.

ಮುಂದಿನ ಆಗಸ್ಟ್‌ನ ಭಾಷಣದಲ್ಲಿ ನಮೂನೆ 7 ಮತ್ತು ಸ್ನೇಹಲತಾ ಹೆಸರು ಒಂದೇ ಹಾಳೆಯಲ್ಲಿ ಬರಲಿ.