ಸತ್ಯಾಂಶ: ಎತ್ತಿಕೊಂಡರೆ ಕೂಸು ಕೆಡುವುದಿಲ್ಲ

"ಮಗು ಅತ್ತ ಕೂಡಲೇ ಎತ್ತಬೇಡಿ, ಕೈ ರೂಢಿಯಾಗುತ್ತೆ. ಅತ್ತರೆ ಶ್ವಾಸಕೋಶ ಗಟ್ಟಿಯಾಗುತ್ತೆ" ಅನ್ನುವ ಮೆಸೇಜ್ ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಎರಡೂ ಮಾತು ತಪ್ಪು.

ಕೆಲವೇ ತಿಂಗಳ ಎಳೆ ಕೂಸಿಗೆ ಹಟ ಮಾಡುವುದು ಎಲ್ಲಿ ಗೊತ್ತು? ಹಸಿವು, ಒದ್ದೆ ಬಟ್ಟೆ, ಸೆಕೆ, ನಿದ್ದೆ ಎಲ್ಲವನ್ನೂ ಅದು ಅತ್ತೇ ಹೇಳಬೇಕು. ಸುಮಾರು 6ನೇ ವಾರದಲ್ಲಿ ಅಳು ಜಾಸ್ತಿ, ಅದರಲ್ಲೂ ಸಂಜೆ ಹೊತ್ತು. 3-4 ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ.

ಜಪಾನಿನ ರಿಕೆನ್ ಸಂಸ್ಥೆಯ ಸಂಶೋಧಕರು 2022ರಲ್ಲಿ ಒಂದು ಸರಳ ಕ್ರಮ ಹೇಳಿದರು. ಅಳುವ ಕೂಸನ್ನು ಎದೆಗೊತ್ತಿಕೊಂಡು 5 ನಿಮಿಷ ನಡೆಯಿರಿ. ನಿದ್ದೆ ಹತ್ತಿದ ಮೇಲೂ 5ರಿಂದ 8 ನಿಮಿಷ ಎತ್ತಿಕೊಂಡೇ ಕೂತಿರಿ. ತಾಯಿಯ ಮೈಯಿಂದ ಬಿಡಿಸುವ ಗಳಿಗೆಯಲ್ಲೇ ಕೂಸಿಗೆ ಎಚ್ಚರವಾಗುವುದು, ಅದಕ್ಕೇ ಈ ಕಾಯುವಿಕೆ. ಆಮೇಲೆ ಅಂಗಾತ ಮಲಗಿಸಿ.

ಬಾಣಂತಿಗೂ ಸುಸ್ತಾಗುತ್ತೆ ಅಲ್ವಾ? ಹೆರಿಗೆಗೆ ಮುಂಚೆಯೇ ಅಪ್ಪನೂ ಎತ್ತಿಕೊಳ್ಳುವುದನ್ನು ಕಲಿಯಲಿ. ತಾಳ್ಮೆ ಕೆಟ್ಟರೆ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಸ್ವಲ್ಪ ಆಚೆ ಹೋಗಿ. ಕೂಸನ್ನು ಜೋರಾಗಿ ಅಲುಗಾಡಿಸಲೇಬೇಡಿ, ಮಿದುಳಿಗೆ ಪೆಟ್ಟಾಗಬಹುದು. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಇಲ್ಲವೇ ಹಾಲು ಕುಡಿಯುವುದು ಬಿಟ್ಟರೆ ತಡಮಾಡದೆ ಡಾಕ್ಟರ ಹತ್ತಿರ ಕರೆದೊಯ್ಯಿರಿ.