ಸಪ್ತಭಾಷೆಯ ಬಿ.ಪಿ.

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆ ಹತ್ತಿ ಹೊಗಳುವವರು ಒಮ್ಮೆ, ಕೆಲಸಕ್ಕೆ ಸೇರುವವರ ಮೆಡಿಕಲ್ ನಡೆಯುವ ಕೋಣೆಯ ಹೊರಗಿನ ಬೆಂಚಿನಲ್ಲಿ ಅರ್ಧ ತಾಸು ಕೂತು ನೋಡಬೇಕು. ನಿಜವಾದ ಸಂಗಮ ಆಗುವುದು ಅಲ್ಲಿ. ತುಳುವಿನಲ್ಲಿ ಹೊರಟ ಬೈಗುಳ ಮಲಯಾಳದಲ್ಲಿ ವೇಗ ಹಿಡಿದು, ಕೊಂಕಣಿಯಲ್ಲಿ ಒಂದು ತಿರುವು ತೆಗೆದುಕೊಂಡು, ಕನ್ನಡದಲ್ಲಿ "ನಿಮ್ಮ ಮೇಲಿನವರಿಗೆ ಹೇಳ್ತೇನೆ" ಎಂದು ನಿಲ್ಲುತ್ತದೆ. ಕನ್ನಡದಲ್ಲಿ ಅರ್ಜಿ ಫಾರಂ ಬೇಕೆಂದರೆ ನಾಲ್ಕು ಕಿಟಕಿ ಸುತ್ತಬೇಕು. ಬೈಗುಳ ಮಾತ್ರ ಕೇಳದೆಯೂ ಕನ್ನಡದಲ್ಲೇ ಸಿಗುತ್ತದೆ.

ಬಿ.ಪಿ. ನೋಡುವುದಕ್ಕೆ ಒಂದು ಕ್ರಮ ಉಂಟು. ಐದು ನಿಮಿಷ ಸುಮ್ಮನೆ ಕೂರಬೇಕು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಪಟ್ಟಿ ಬರಿ ತೋಳಿಗೆ, ಬಾಯಿ ಬಂದ್. ಬರೇ ಮಾತಾಡಿದರೂ ಮೇಲಿನ ಅಂಕೆ ಹತ್ತರಷ್ಟು ಏರಬಹುದು. ನಮ್ಮವರು ಕಾಲ ಮೇಲೆ ಕಾಲು ಹಾಕಿ, ಅಂಗಿಯ ತೋಳನ್ನು ಅರ್ಧ ಮಡಚಿ, ಪಟ್ಟಿ ಉಬ್ಬುವ ಹೊತ್ತಿಗೇ ನರ್ಸಿಗೆ "ನಿಮಗೆಂಥ ಗೊತ್ತುಂಟು?" ಎಂದು ಬೊಬ್ಬೆ ಹಾಕುತ್ತಾರೆ. 148/94 ಬರುತ್ತದೆ. "ನೂರಿಪ್ಪತ್ತು, ಎಂಬತ್ತು ಅಂತ ಬರೆಯಿರಿ ಮಾರಾಯ್ರೆ" ಎಂದು ಮತ್ತೊಂದು ಸುತ್ತು ಬೊಬ್ಬೆ. ಬೈದು ಏರಿಸಿದ್ದನ್ನು ಬೈದೇ ಇಳಿಸುವ ಈ ಚಿಕಿತ್ಸೆ ಯಾವ ಪದ್ಧತಿಯದೋ, ಆಯುಷ್‌ನವರೇ ಹೇಳಬೇಕು.

ಗಲ್ಫಿಗೆ ಕೆಲಸಕ್ಕೆ ಹೋಗುವವರ ಮೆಡಿಕಲ್‌ನ ಕಥೆ ಬೇರೆ. ಎಂದೋ ಗುಣವಾದ ಟೀಬಿಯ ಕಲೆ ಎಕ್ಸ್‌ರೇಯಲ್ಲಿ ಕಂಡರೂ 'ಅನ್‌ಫಿಟ್'. ವೀಸಾಕ್ಕೆ ಸಾಲ ಮಾಡಿ ಬಂದವನ ಸಿಟ್ಟಿನಲ್ಲಿ ನ್ಯಾಯ ಇದೆ, ವಿಳಾಸ ಮಾತ್ರ ತಪ್ಪು. ನಿಯಮ ಬರೆದವರು ಕಡಲಾಚೆಯವರು, ಉಗಿಸಿಕೊಳ್ಳುವುದು ಫಿಲ್ಮ್ ಹಿಡಿದು ನಿಂತ ಟೆಕ್ನಿಷಿಯನ್.

ಹಾಗಾದರೆ ಬೈಯುವವರನ್ನು ನೋಡುವುದಿಲ್ಲ ಎಂದು ವೈದ್ಯರು ಹೇಳಬಹುದೇ? 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ, ಬೈಯುವ, ದಾಂಧಲೆ ಮಾಡುವ ರೋಗಿಯನ್ನೋ ಸಂಬಂಧಿಕರನ್ನೋ ವೈದ್ಯರು ನಿರಾಕರಿಸಬಹುದು ಎಂದು ನಿಯಮದಲ್ಲೇ ಬರೆಯಿತು. ಆಗಸ್ಟ್ 23ಕ್ಕೆ ಇಡೀ ನಿಯಮಾವಳಿಯನ್ನೇ ತಡೆಹಿಡಿಯಿತು. (ಜಗಳ ಎದ್ದದ್ದು ಜೆನೆರಿಕ್ ಔಷಧಿಯ ವಿಷಯಕ್ಕೆ. ಬೈಗುಳದ ಕಲಮು ಆ ಜಗಳದಲ್ಲಿ ಸುಮ್ಮನೆ ಸತ್ತಿತು.) ಇಲ್ಲಿ ಮಲಯಾಳಿ ಮನೆಗಳಲ್ಲಿ ಮಗುವಿಗೆ ಇಪ್ಪತ್ತೆಂಟನೆಯ ದಿನ ಸೊಂಟಕ್ಕೆ ನೂಲು ಕಟ್ಟುತ್ತಾರೆ. ಈ ಹಕ್ಕು ಅಷ್ಟು ದಿನವೂ ಬಾಳಲಿಲ್ಲ. ಈಗ ಮತ್ತೆ ವೈದ್ಯರ ನಡತೆಯ 2002ರ ನಿಯಮವೇ ಗತಿ. ಯಾರನ್ನು ನೋಡಬೇಕೆಂಬ ಆಯ್ಕೆ ವೈದ್ಯರದ್ದು, ಆದರೆ ತುರ್ತು ಸಂದರ್ಭದಲ್ಲಿ ಆ ಆಯ್ಕೆ ಇಲ್ಲ ಎನ್ನುತ್ತದೆ ಅದು. ಎದೆನೋವು ಬಂದವನು ಬೈದರೆ, ಬೈಸಿಕೊಳ್ಳುತ್ತಲೇ ಇ.ಸಿ.ಜಿ. ತೆಗೆಯಬೇಕು. ಫಿಟ್ನೆಸ್ ಸರ್ಟಿಫಿಕೇಟ್ ತುರ್ತು ಚಿಕಿತ್ಸೆ ಅಲ್ಲ, ನಾಳೆ ಡ್ಯೂಟಿಗೆ ಸೇರಬೇಕಿದ್ದರೂ ಅಲ್ಲ.

ನಿರಾಕರಿಸುವುದಕ್ಕೂ ಕೈಚಳಕ ಬೇಕು. ಮೊದಲು ಕುರ್ಚಿ: ಬಾಗಿಲಿನ ಬದಿಗೆ ವೈದ್ಯರದ್ದಿರಬೇಕು. ನಮ್ಮ ಕೋಣೆಗಳಲ್ಲಿ ಅದನ್ನು ಗೋಡೆಗೆ ಒತ್ತಿ, ದಾರಿಗೆ ಅಡ್ಡ ಬೈಯುವವನನ್ನು ಕೂರಿಸುತ್ತಾರೆ. ಒಮ್ಮೆ ತಗ್ಗಿದ ದನಿಯಲ್ಲಿ ಎಚ್ಚರಿಕೆ ಕೊಡಬೇಕು, ಪಕ್ಕಕ್ಕೆ ಸಾಕ್ಷಿಗೆ ಇನ್ನೊಬ್ಬರನ್ನು ಕರೆಯಬೇಕು. ನಿಲ್ಲದಿದ್ದರೆ ಪರೀಕ್ಷೆ ನಿಲ್ಲಿಸಿ ಬೇರೆ ದಿನ ಅಥವಾ ಬೇರೆ ವೈದ್ಯರ ಹೆಸರು ಹೇಳಬೇಕು. ಕಂಪನಿಗೆ ಕಳಿಸುವ ಕಾಗದದಲ್ಲಿ 'ಪರೀಕ್ಷೆ ಪೂರ್ಣವಾಗಿಲ್ಲ' ಎಂದಷ್ಟೇ ಬರೆಯಬೇಕು. ಸಿಟ್ಟಿಗೆ 'ಅನ್‌ಫಿಟ್' ಎಂದು ಗೀಚಿದಿರೋ, ಅಲ್ಲಿಗೆ ಬೈದವನೇ ಸಂತ್ರಸ್ತ.

ಕಂಪನಿಯ ಮ್ಯಾನೇಜರು ಬೊಬ್ಬೆ ಹಾಕುವವರಲ್ಲ. ಅವರು ಫೋನ್ ಮಾಡುತ್ತಾರೆ: "ಸೀಲ್ ಒತ್ತಿ ಕಳಿಸಿ ಡಾಕ್ಟ್ರೇ, ಹುಡುಗ ಗಟ್ಟಿ ಇದ್ದಾನೆ." ಗಟ್ಟಿ ಇರುವುದು ಗಂಟಲು ಎಂದು ಅವರಿಗೂ ಗೊತ್ತು.

ಬೈಗುಳ ದಾಟಿ ಕೈ ಮಾಡಿದರೆ ಕಾನೂನು ಇದೆ. ಆಸ್ಪತ್ರೆ ಸಿಬ್ಬಂದಿಯ ರಕ್ಷಣೆಗೆಂದು ಇದ್ದ 2012ರ ಕಾನೂನನ್ನು, ಕೊಟ್ಟಾರಕ್ಕರ ತಾಲೂಕು ಆಸ್ಪತ್ರೆಯಲ್ಲಿ 2023ರ ಮೇ 10ರಂದು ಹೌಸ್ ಸರ್ಜನ್ (ತರಬೇತಿಯಲ್ಲಿದ್ದ ವೈದ್ಯೆ) ವಂದನಾ ದಾಸ್ ಕೊಲೆಯಾದ ಮೇಲೆ ಕೇರಳ ಬಿಗಿಗೊಳಿಸಿತು. ಹಲ್ಲೆಗೆ ಆರು ತಿಂಗಳಿನಿಂದ ಐದು ವರ್ಷ ಜೈಲು, 50,000 ರೂಪಾಯಿಯಿಂದ 2 ಲಕ್ಷ ದಂಡ. ಒಂದು ಜೀವ ಹೋದ ಮೇಲೆ ಅಂಕಿ ಏರಿದವು. ಬಾಯಿ ಹರಿಬಿಡುವುದು ಮಾತ್ರ ಈಗಲೂ 'ಅಷ್ಟಕ್ಕೆಲ್ಲ ಕಂಪ್ಲೇಂಟಾ?' ಎಂಬ ಲೆಕ್ಕದಲ್ಲೇ ಇದೆ.

ಆದರೂ ದೂರು ಕೊಡಲು ಹೊರಟಿರಿ ಅನ್ನಿ. 'ರೋಗಿ ಅನುಚಿತವಾಗಿ ವರ್ತಿಸಿದರು' ಎಂದರೆ ಸಾಲದು, ಆಡಿದ ಮಾತನ್ನು ಗಂಟೆ ನಿಮಿಷ ಸಮೇತ ಹಾಗೆಯೇ ಬರೆಯಬೇಕು. ಬೈದದ್ದು ತುಳುವಿನಲ್ಲಿ, ಕೇಸ್‌ಶೀಟ್ ಇಂಗ್ಲಿಷಿನಲ್ಲಿ, ದೂರು ಮಲಯಾಳದಲ್ಲಿ. ಬರೆದುಕೊಳ್ಳುವ ಪೊಲೀಸರು ಪೆನ್ನು ಎತ್ತಿ ಹಿಡಿದು ಆ ಶಬ್ದದ ಅರ್ಥ ಕೇಳುತ್ತಾರೆ. ಡಾಕ್ಟ್ರಮ್ಮ ನೆಲ ನೋಡುತ್ತಾರೆ, ನರ್ಸು ಸೀಲಿಂಗ್ ನೋಡುತ್ತಾರೆ. ಕೊನೆಗೆ ಆ ಜಾಗದಲ್ಲಿ 'ಕೆಟ್ಟ ಮಾತು' ಎಂದು ಬರೆಯಲಾಗುತ್ತದೆ. ಕರೆಸಿದ ಮೇಲೆ ಬೈದವನು ಕೈಮುಗಿದು ಹೇಳುತ್ತಾನೆ: "ಅದು ಬೈಗುಳವೇ ಅಲ್ಲ ಸಾರ್. ನಮ್ಮಲ್ಲಿ ಪ್ರೀತಿಯಲ್ಲಿ ಹಾಗೆಯೇ ಕರೆಯುವುದು."